ನಾಗಮ್ಮ ಪ್ಯಾಂಟಿನ ಗಾದಿಲಿಂಗಣ್ಣ

ನಾನು ನಿಂತಿದ್ದದ್ದು ಗಾದಿಲಿಂಗಣ್ಣನ ಹೊಲಿಗೆ ಕೋಣೆಯ ಬಾಗಿಲಲ್ಲಿ. ಒಂದು ಕಾಲು ಹೊಸ್ತಿಲ ಒಳಗಿತ್ತು, ಒಂದು ಹೊರಗೆ. ಕಂಕುಳಲ್ಲಿ ಅವನು ಕೇಳಿದ್ದ ಜಿಪ್ಪಿನ ಕಟ್ಟು. ಬಳ್ಳಾರಿಯಲ್ಲಿ ಬಿಸಿಲು ಆಗಷ್ಟೇ ಜೋರಾಗುತ್ತಿದ್ದ ಕಾಲ, ಬುಧವಾರ, ಮಧ್ಯಾಹ್ನದ ಊಟದ ಹೊತ್ತು. ಕರೆಂಟ್ ಇತ್ತು, ಆದರೂ ಮಷಿನ್ನುಗಳೆಲ್ಲ ನಿಂತಿದ್ದವು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ದಾರದ ಉಂಡೆಗೆ ಒರಗಿಸಿಟ್ಟ ಮೊಬೈಲು. ಅದರ ಮುಂದೆ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತ ಗಾದಿಲಿಂಗಣ್ಣ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಅವನು ಎದ್ದು ನಿಂತು ಮಾತಾಡಿದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ. ಎಂಥ ದೊಡ್ಡ ವ್ಯಾಪಾರಿ ಬಂದರೂ ಮಷಿನ್ನಿನ ಮುಂದಿನ ಸ್ಟೂಲು ಬಿಡುತ್ತಿರಲಿಲ್ಲ. "ಕುಂತು ಮಾತಾಡ್ರಿ. ನಿಂತು ಆಡಿದ್ರ ಮಾತಿಗೂ ಕಾಲು ನೋಯ್ತಾವ" ಎನ್ನುತ್ತಿದ್ದ.

ಅವನ ಊರು ಕುರುಗೋಡು. ತಾಯಿ ಹೋದ ಮೇಲೆ ಸಾಕಿದವಳು ಅಕ್ಕ ನಾಗಮ್ಮ. ಅವಳು ಮನೆಮನೆಯ ಹಳೆ ಸೀರೆ ತಂದು ಕೌದಿ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸಿ ಕೊಡುವುದು ತಮ್ಮನ ಕೆಲಸ. ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯಲು ಕಲಿತು, ನನ್ನ ಗುಂಡಿ-ಜಿಪ್ಪಿನ ಅಂಗಡಿಯ ಎದುರು ಸ್ವಂತ ಮಷಿನ್ನು ಹಾಕಿದಾಗ, ಪ್ಯಾಂಟಿನ ಸೊಂಟಪಟ್ಟಿಯ ಹಿಂದೆ ಹಚ್ಚುವ ಲೇಬಲ್ಲಿಗೆ ಅವನು ಆರಿಸಿದ್ದು ಅಕ್ಕನ ಹೆಸರನ್ನೇ. ಅದೂ ಕನ್ನಡ ಅಕ್ಷರದಲ್ಲಿ.

ಸಿರುಗುಪ್ಪದಿಂದ ಮಾಲಿಗೆ ಬಂದ ಅಂಗಡಿಕಾರನೊಬ್ಬ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕಿದ್ದ.

"ಲೇ ಗಾದಿಲಿಂಗ, ಜೀನ್ಸ್ ಅಂದ್ರ ಹುಲಿ, ಕುದುರಿ ಇರಬೇಕಲೇ. ನಾಗಮ್ಮ ಅಂದ್ರ ಹರೇದ ಹುಡುಗ್ರು ಹಾಕ್ಕೊಂತಾರೇನು?"

"ಹುಲಿ ಪ್ಯಾಂಟು ಎರಡ ತಿಂಗಳಿಗೆ ಹರೀತೈತಿ. ನಮ್ಮಕ್ಕ ಹೊಲದದ್ದು ಇನ್ನಾ ಹರದಿಲ್ಲ. ತಗೊಂಡ ಹೋಗು, ಮಾರದಿದ್ರ ನೀನ ಹಾಕ್ಕೊ."

ಮಾರಿತು. ತೆಕ್ಕಲಕೋಟೆಯ ಟ್ರ್ಯಾಕ್ಟರ್ ಡ್ರೈವರುಗಳು ಅಂಗಡಿಗೆ ಬಂದು "ಒಂದು ನಾಗಮ್ಮ ಕೊಡ್ರಿ" ಎನ್ನುವಂತಾಯಿತು. ಅದನ್ನು ಕೇಳಿ ಬಂದ ದಿನ ಗಾದಿಲಿಂಗಣ್ಣ ಬೀದಿಗೆಲ್ಲ ಚಹಾ ಕುಡಿಸಿದ.

ನಮ್ಮ ಬೀದಿಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಇಬ್ಬರು ಒಂದೇ ಹೆಸರು ಹಚ್ಚಿದರೆ ಯಾರೂ ಕೋರ್ಟಿಗೆ ಹೋಗುತ್ತಿರಲಿಲ್ಲ. ಚಹಾದಂಗಡಿಯಲ್ಲಿ ಹಿರಿಯರೊಬ್ಬರನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು. ಮೊದಲು ಹೊಲಿದವನಿಗೆ ಹೆಸರು. ಇನ್ನೊಬ್ಬ ಅಂದೇ ತನ್ನ ಮಾಲಿನ ಲೇಬಲ್ಲು ಬಿಚ್ಚುತ್ತಿದ್ದ. ಬಿಚ್ಚಿದವನನ್ನು ಯಾರೂ ಹಂಗಿಸುತ್ತಿರಲಿಲ್ಲ.

ವ್ಯಾಪಾರ ಬೆಳೆದ ಮೇಲೆ ಆಡಿಟರ್ ಶ್ರೀನಿವಾಸುಲು, "ಹೆಸರು ರಿಜಿಸ್ಟರ್ ಮಾಡಿಸೋಣ್ರಿ" ಎಂದು ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿಸಿದ. ಕೆಲವೇ ವಾರಗಳಲ್ಲಿ ಆ ಫೋನು ಬಂತು.

ಪರದೆಯ ಮೇಲೆ ಕರಿ ಕೋಟಿನವನೊಬ್ಬ ಕೂತಿದ್ದ. ಹಿಂದೆ ಸರ್ಕಾರಿ ಕಚೇರಿಯಂಥ ಗೋಡೆ. ಅವನು ಅರ್ಜಿಯ ಸಂಖ್ಯೆ ಓದಿದ, ಗಾದಿಲಿಂಗಣ್ಣನ ವಿಳಾಸ ಓದಿದ, ಲೇಬಲ್ಲಿನ ಚಿತ್ರ ತೋರಿಸಿದ. ಮಾತು ಪುಸ್ತಕದ ಕನ್ನಡ, ಮೆತ್ತಗಿನ ದನಿ. "ಈ ಹೆಸರು ಮೊದಲೇ ಇನ್ನೊಬ್ಬರದು. ಈ ವಿಚಾರಣೆ ಮುಗಿಯುವುದರೊಳಗೆ ರಾಜಿ ಶುಲ್ಕ ಕಟ್ಟದಿದ್ದರೆ ಸಂಜೆ ಪೊಲೀಸರು ಬರುತ್ತಾರೆ. ಫೋನ್ ಕಡಿಯಬೇಡಿ. ಕುಳಿತುಕೊಳ್ಳಬೇಡಿ."

ಆಮೇಲೆ ಆ ಇನ್ನೊಬ್ಬನನ್ನೂ ತೋರಿಸಿದರು. ವಯಸ್ಸಾದವನು, ನಾಗಮ್ಮ ತನ್ನ ತಾಯಿಯ ಹೆಸರೆಂದು ಅಳುತ್ತಿದ್ದ.

"ಅಳಬ್ಯಾಡ್ರೀ ಯಪ್ಪಾ" ಎಂದ ಗಾದಿಲಿಂಗಣ್ಣ. "ನಿಮ್ಮದ ಮೊದಲಿದ್ರ ನಾ ಬಿಡ್ತೀನಿ. ಹಡದಾಕಿ ಹೆಸ್ರಿಗೆ ನಾ ಅಡ್ಡ ಬರಂಗಿಲ್ಲ."

ನಾನು ಒಂದು ಹೆಜ್ಜೆ ಒಳಗಿಟ್ಟೆ. ಕರಿ ಕೋಟಿನವನು ಮಾತು ನಿಲ್ಲಿಸಿ ಹೇಳಿದ: "ನಿಮ್ಮ ಹಿಂದೆ ಬಾಗಿಲಲ್ಲಿ ನಿಂತಿರುವವರು ಯಾರು? ಹೊರಗೆ ಕಳಿಸಿ."

ಗಾದಿಲಿಂಗಣ್ಣ ತಿರುಗಲಿಲ್ಲ. ಕೈಯನ್ನಷ್ಟೇ ಹಿಂದಕ್ಕೆ ಮಾಡಿ, ಹೋಗು ಎಂದು ಆಡಿಸಿದ.

ಬೀದಿಗೆ ಬಂದು ಶ್ರೀನಿವಾಸುಲುಗೆ ಫೋನ್ ಮಾಡಿದೆ. "ದುಡ್ಡು ಹಾಕಾಕ ಬಿಡಬ್ಯಾಡ್ರಿ, ನಾ ಬಂದೆ" ಎಂದು ಅವನು ಕೂಗಿದ. ನಾನು ಮತ್ತೆ ಒಳಗೆ ಹೋಗುವಷ್ಟರಲ್ಲಿ ದುಡ್ಡು ಹಾಕಿಯಾಗಿತ್ತು, ಫೋನೂ ಕಡಿದಿತ್ತು. ಊಟ ಮುಗಿಸಿ ಬಂದ ಟೈಲರ್ ಖಾಜಾಸಾಬ್ ಮತ್ತು ದಾರ ಕತ್ತರಿಸುವ ಹುಲಿಗೆಮ್ಮ, ಗಾದಿಲಿಂಗಣ್ಣ ಹೇಳಿದಂತೆ, ಸಿರುಗುಪ್ಪಕ್ಕೆ ಹೋಗಬೇಕಿದ್ದ ಮಾಲನ್ನು ಮುಂದೆ ಹಾಕಿಕೊಂಡು ಒಂದೊಂದೇ ಲೇಬಲ್ಲು ಬಿಚ್ಚುತ್ತಿದ್ದರು. ಮೂಲೆಯಲ್ಲಿ ನಾಗಮ್ಮ ಕೂತಿದ್ದಳು; ತಮ್ಮನಿಗೆ ರೊಟ್ಟಿ ಕಟ್ಟಿಕೊಂಡು ಆ ದಿನವೇ ಕುರುಗೋಡಿನಿಂದ ಬಂದಿದ್ದಳು. ಅವಳಿಗೆ ಓದು ಬಾರದು, ಲೇಬಲ್ಲು ಮಾತ್ರ ಗುರುತಿತ್ತು.

"ಯಾಕಲೇ ತಮ್ಮಾ, ನನ್ನ ಹೆಸ್ರು ಯಾಕ ಬಿಚ್ಚಾಕ ಹತ್ತೀರಿ?"

ಹುಲಿಗೆಮ್ಮ ತಲೆ ಬಗ್ಗಿಸಿ ಇನ್ನೊಂದು ಲೇಬಲ್ಲಿಗೆ ಕತ್ತರಿ ಹಾಕಿದಳು.

ಶ್ರೀನಿವಾಸುಲು ಬಂದವನು ಸರ್ಕಾರದ ವೆಬ್‌ಸೈಟ್ ತೆರೆದು ತೋರಿಸಿದ. ಅರ್ಜಿಗೆ ಯಾರೂ ತಕರಾರು ಹಾಕಿರಲಿಲ್ಲ. "ಈ ನಂಬರು, ವಿಳಾಸ, ಚಿತ್ರ ಇಲ್ಲಿ ಯಾರ ಬೇಕಾದ್ರೂ ನೋಡಬಹುದಣ್ಣಾ. ಅವ್ರು ಇದನ್ನ ನೋಡಿ ಹೇಳ್ಯಾರ. ಖರೇ ನೋಟಿಸು ಬಂದ್ರ ಇದರಾಗ ಕಾಣ್ತೈತಿ. ಫೀಜು ಸರ್ಕಾರಕ್ಕ ಹೋಗ್ತೈತಿ, ಯಾವನೋ ಒಬ್ಬನ ಖಾತೆಗಲ್ಲ. ಫೋನ್ ಇಡಬ್ಯಾಡ, ಯಾರಿಗೂ ಹೇಳಬ್ಯಾಡ ಅಂದ್ರನ ಕಳ್ಳ ಅಂತ ತಿಳಕೋಬೇಕು." ಪೊಲೀಸರಿಗೆ ದೂರನ್ನೂ ಅವನೇ ಕೊಡಿಸಿದ.

ವಾರ ಕಳೆಯಲಿಲ್ಲ, ಹೋದ ಹಣ ವಾಪಸು ಕೊಡಿಸುತ್ತೇವೆಂದು ಗಾದಿಲಿಂಗಣ್ಣನಿಗೆ ಇನ್ನೊಂದು ಫೋನು. ಅದಕ್ಕೂ ಮೊದಲು ಶುಲ್ಕ ಕಟ್ಟಬೇಕಂತೆ. ನಾನು ಪಕ್ಕದಲ್ಲೇ ಇದ್ದೆ. ಅದೇ ಮೆತ್ತಗಿನ ದನಿ. ಅವನ ಕೈಯಿಂದ ಫೋನು ಕಸಿದು ಕಡಿದು ಹಾಕಿದೆ. ಮರುದಿನ ನನ್ನ ಫೋನು ಬಡಿದುಕೊಂಡಿತು. ಹೇಗೆ ತಿಳಿಯಿತೋ, ಆ ದನಿ ನನ್ನ ಹೆಸರು ಹಿಡಿದು ಕರೆಯಿತು. ಇಂದಿಗೂ ಗೊತ್ತಿಲ್ಲದ ನಂಬರು ಬಂದರೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕುತ್ತೇನೆ.

ಗಾದಿಲಿಂಗಣ್ಣ ಫೋನು ಎತ್ತುವುದನ್ನೇ ಬಿಟ್ಟ. ಕೆಲ ತಿಂಗಳ ನಂತರ ಟ್ರೇಡ್‌ಮಾರ್ಕ್ ಕಚೇರಿಯ ನಿಜವಾದ ಪತ್ರ ಬಂತು. ಹೆಸರಿನ ಬಗ್ಗೆ ಏನೋ ವಿವರಣೆ ಕೇಳಿದ್ದರು. ಗಡುವಿನೊಳಗೆ ಉತ್ತರ ಕೊಡಬೇಕಿತ್ತು. ಶ್ರೀನಿವಾಸುಲು ಅದನ್ನು ಹಿಡಿದುಕೊಂಡು ಬಂದಾಗ ಗಾದಿಲಿಂಗಣ್ಣ ಗೋಡೆಗೆ ಸರಿದು ಕೂತ.

"ಒಯ್ಯಿ ಅದನ್ನ. ಅವ್ರ ಕಳಿಸ್ಯಾರ."

"ಅಣ್ಣಾ, ಇದು ಖರೇದು. ವೆಬ್‌ಸೈಟ್‌ನಾಗ ತೋರಸ್ತೀನಿ ನೋಡು."

"ಅವ್ರೂ ಎಲ್ಲಾ ತೋರಿಸಿದ್ರಲೇ. ನಮ್ಮಕ್ಕನ ಮನಿಗೆ ಪೊಲೀಸ್ರು ಬರೂದು ಬ್ಯಾಡ."

ನಾವಿಬ್ಬರೂ ಹೋಗಿ ಹೋಗಿ ಹೇಳಿದೆವು. ಅವನು ಸಹಿ ಹಾಕಲಿಲ್ಲ. ಗಡುವು ಮುಗಿಯಿತು, ಅರ್ಜಿ ಬಿದ್ದುಹೋಯಿತು. ಹೊಸದಾಗಿ ಹಾಕಬಹುದೆಂದರೆ ಕಿವಿ ಮುಚ್ಚಿಕೊಂಡ. ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಮಾತಾಡುತ್ತಿದ್ದ ಮನುಷ್ಯ, ಆಮೇಲೆ ಬೇರೆಯವರ ಲೇಬಲ್ಲಿಗೆ ಕೂಲಿ ಹೊಲಿದ, ತಲೆ ಎತ್ತದೆ.

ಕೊನೆಯ ಸಲ ಕಂಡದ್ದು ಕುರುಗೋಡಿನಲ್ಲಿ, ಅಕ್ಕನ ಮನೆಯ ಕಟ್ಟೆಯ ಮೇಲೆ. ನನ್ನ ಜೇಬಿನಲ್ಲಿ ಫೋನು ಬಡಿದಾಗ ಅವನು ನನ್ನ ಮೊಣಕೈ ಹಿಡಿದ. "ನಾ ಇಲ್ಲಿ ಅದೀನಿ ಅಂತ ಹೇಳಬ್ಯಾಡ" ಎಂದ. ಅದು ನನ್ನ ಹೆಂಡತಿಯ ಫೋನು. ಅದೇ ಚಳಿಗಾಲದಲ್ಲಿ ಎದೆನೋವು ಬಂದು ತೀರಿಕೊಂಡ. ಅಂಜಿಕೆಯಿಂದಲೇ ಸತ್ತ ಎಂದು ನಾನು ಹೇಳಲಾರೆ. ಅದು ನನಗೆ ಗೊತ್ತಿಲ್ಲ. ಕಂಡದ್ದನ್ನಷ್ಟೇ ಬರೆದಿದ್ದೇನೆ.

ಆ ಮಧ್ಯಾಹ್ನ ಲೇಬಲ್ಲು ಬಿಚ್ಚಿದ್ದನ್ನು ನನ್ನ ಹೊರತಾಗಿ ಕಂಡವರು ಇನ್ನೂ ಇದ್ದಾರೆ. ಖಾಜಾಸಾಬ್ ಇದ್ದಾನೆ, ಈಗ ಬೇರೆ ಕಡೆ ಹೊಲಿಯುತ್ತಾನೆ. ಹುಲಿಗೆಮ್ಮ ಇದ್ದಾಳೆ. ಕುರುಗೋಡಿನಲ್ಲಿ ನಾಗಮ್ಮ ಇದ್ದಾಳೆ.