ಊಟದ ಮೇಜಿನ ಭೂತ

ಕನ್ನಡಕದಂಗಡಿಯ ಆಕೆಗೆ ಹೊಟ್ಟೆಕಿಚ್ಚು ಹೊಸದಲ್ಲ. ಚಿಕ್ಕವಳಿದ್ದಾಗ ತಂಗಿಯ ದಟ್ಟ ಕೂದಲು ಕಂಡರೆ ಉರಿಯುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಕೌಂಟರಿನಲ್ಲಿದ್ದ ಇನ್ನೊಬ್ಬಳ ದುಂಡನೆಯ ಅಕ್ಷರ ಕಂಡರೆ, ಸಂಸಾರ ಹೂಡಿದ ಮೇಲೆ ಎದುರುಮನೆಯವರ ಕುಂಡದಲ್ಲಿ ಹೂ ಅರಳಿದರೆ. ಅದನ್ನು ಮುಚ್ಚಿಡುವ ಅಭ್ಯಾಸವೂ ಆಕೆಗಿರಲಿಲ್ಲ. "ನಂಗೆ ಹೊಟ್ಟೆ ಉರೀತಿದೆ ಕಣೇ" ಎಂದು ಮುಖಕ್ಕೇ ಹೇಳಿಬಿಡುತ್ತಿದ್ದಳು. ಹೇಳಿದ ಮೇಲೆ ಅರ್ಧ ಉರಿ ಇಳಿದುಹೋಗುತ್ತಿತ್ತು. ಗಂಡನ ವಿಷಯದಲ್ಲಿ ಮಾತ್ರ ಆಕೆ ಯಾರನ್ನೂ ಕಂಡು ಕರುಬಿದವಳಲ್ಲ. ಕರುಬುವುದಕ್ಕೆ ಆತ ಅವಕಾಶವನ್ನೇ ಕೊಟ್ಟಿರಲಿಲ್ಲ.

ಆತ ಲಿಫ್ಟ್ ರಿಪೇರಿ ಮಾಡುವವನು. ಜೊತೆಗಾರರು ಆತನಿಗೆ ಇಟ್ಟ ಹೆಸರು ಗೋಡೆ. "ಗೋಡೆ, ಆ ಸ್ಪ್ಯಾನರ್ ಕೊಡೋ" ಅಂದರೆ ಕೊಡುತ್ತಿದ್ದ, ತಗೋ ಅನ್ನುತ್ತಿರಲಿಲ್ಲ. ಮನೆಯಲ್ಲೂ ಹಾಗೇ. ಆತನ "ಹ್ಞೂಂ" ಒಂದರಲ್ಲೇ ಹಲವು ಬಗೆಗಳಿದ್ದವು. ಬೇಕು, ಬೇಡ, ನೋಡೋಣ, ನಿನ್ನಿಷ್ಟ, ತಲೆನೋವು ಎಲ್ಲವನ್ನೂ ಅದರಲ್ಲೇ ಹೇಳುತ್ತಿದ್ದ. ಆಕೆ ಅವನ್ನು ಬಿಡಿಸಿ ತಿಳಿದುಕೊಳ್ಳುವುದನ್ನು ಕಲಿತಿದ್ದಳು. ಅಂಗಡಿ ಮುಚ್ಚಿ ಆಕೆ ಮನೆ ಸೇರುವ ಹೊತ್ತಿಗೆ ಆತ ಅಡುಗೆ ಬಿಸಿಮಾಡಿ, ಎರಡು ತಟ್ಟೆ ಇಟ್ಟುಕೊಂಡು ಮೇಜಿನ ಮುಂದೆ ಕೂತಿರುತ್ತಿದ್ದ. ಎಷ್ಟೇ ತಡವಾಗಲಿ, ಯಾಕೆ ಎಂದು ಕೇಳಿದವನಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಲ ಆಕೆ ಬೇಕೆಂದೇ ಬಸ್ ಸ್ಟಾಪಿನಲ್ಲಿ ಕೂತು, ಬಂದ ಬಸ್ಸುಗಳನ್ನೆಲ್ಲ ಬಿಟ್ಟು, ತಡಮಾಡಿ ಹೋದಳು. ಆತ ತಟ್ಟೆಯನ್ನು ಆಕೆಯ ಕಡೆಗೆ ಸರಿಸಿದ, ಅಷ್ಟೇ. ಮತ್ತೆ ಆಕೆ ಅಂಥ ಪರೀಕ್ಷೆಗೆ ಹೋಗಲಿಲ್ಲ.

"ಭಾವನ್ನ ಯಾರೂ ಹಾರಿಸ್ಕೊಂಡು ಹೋಗಲ್ಲ ಬಿಡಕ್ಕ. ಗೋಡೆ ಹೊತ್ಕೊಂಡು ಹೋಗೋರು ಯಾರಿದಾರೆ?" ಎಂದು ತಂಗಿ ನಗುತ್ತಿದ್ದಳು. ಆಕೆಯೂ ನಗುತ್ತಿದ್ದಳು.

ಊರಿನ ಅಂಚಿನಲ್ಲಿ ಮುಚ್ಚಿಹೋದ ಒಂದು ಬಿಸ್ಕತ್ತು ಕಾರ್ಖಾನೆ ಇತ್ತು. ಆ ವರ್ಷ ಯಾರೋ ಅದನ್ನು ಭೂತದ ವೇಷ ಹಾಕುವ ಹ್ಯಾಲೋವೀನ್ ಹಬ್ಬದ ತಿಂಗಳಿಗೆಂದು ಬಾಡಿಗೆಗೆ ಹಿಡಿದು ಭೂತದ ಮನೆ ಮಾಡಿದರು. ಟಿಕೆಟ್ ಕೊಂಡು ಒಳಗೆ ಹೊಕ್ಕರೆ ಕತ್ತಲೆಯ ಓಣಿಗಳು, ದಾರಿ ತಪ್ಪಿಸುವ ಬಾಗಿಲುಗಳು, ತಿರುವು ತಿರುವಿಗೂ ವೇಷ ಹಾಕಿದ ಒಂದೊಂದು ಭೂತ. ಕಾರ್ಖಾನೆಯ ಹಳೆಯ ಸಾಮಾನು ಲಿಫ್ಟನ್ನು ಮತ್ತೆ ಓಡಿಸಲು ಗೋಡೆಯನ್ನು ಕರೆಸಿದರು. ಲಿಫ್ಟು ಓಡಿತು. ಆದರೆ ಮೊದಲ ದಿನವೇ ಒಬ್ಬ ವೇಷಗಾರ ಕೈಕೊಟ್ಟ. ಅಲ್ಲೇ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಗೋಡೆಯನ್ನು ಕಂಡು ಮ್ಯಾನೇಜರು, "ಸುಮ್ನೆ ಕೂತಿರೋ ಕೆಲಸ. ಮಧ್ಯೆ ಮಧ್ಯೆ ಎದ್ದು ಏನಾದ್ರೂ ಹೇಳಿದ್ರೆ ಸಾಕು. ಕೂರ್ತೀರಾ?" ಎಂದ.

ಮನೆಗೆ ಬಂದ ಆತ ಕೈತೊಳೆಯುತ್ತ, "ಈ ತಿಂಗಳು ಸಂಜೆ ಕೆಲಸ ಇದೆ" ಎಂದ.

"ಏನು ಕೆಲಸ?"

"ಭೂತ."

ಆಕೆ ನಕ್ಕಳು, ಅಲ್ಲಿಗೆ ಮರೆತಳು.

ಒಂದು ವಾರ ಕಳೆದಿರಬೇಕು, ಕಾಲೇಜು ಹುಡುಗಿಯೊಬ್ಬಳು ಸೊಟ್ಟಗಾದ ಕನ್ನಡಕ ಹಿಡಿದುಕೊಂಡು ಅಂಗಡಿಗೆ ಬಂದಳು. ಭೂತದ ಮನೆಯಲ್ಲಿ ಹೆದರಿ ಹಿಂದಕ್ಕೆ ಜಿಗಿದಾಗ ಗೆಳತಿಯ ತಲೆಗೆ ಬಡಿದು ಬಾಗಿತಂತೆ. ಆಕೆ ಫ್ರೇಮನ್ನು ನೆಟ್ಟಗೆ ಮಾಡಲು ಬಿಸಿಗಾಳಿಯ ಪೆಟ್ಟಿಗೆಯೊಳಗಿಟ್ಟು, "ಅಷ್ಟೊಂದು ಹೆದರಿಸಿದ್ದು ಯಾವ ಭೂತಮ್ಮ?" ಎಂದು ಕೇಳಿದಳು.

"ಊಟದ ಮೇಜಿನ ಭೂತ, ಆಂಟಿ. ಮಿಕ್ಕಿದ್ದೆಲ್ಲ ಬರೀ ಕಿರುಚುತ್ತವೆ. ಇವನು ಗೊಂಬೆ ಥರ ಕೂತಿರ್ತಾನೆ. ಎದುರಿಗೆ ಒಂದು ಖಾಲಿ ಕುರ್ಚಿ. ಆಮೇಲೆ ಮೆಲ್ಲಗೆ ಎದ್ದು ಯಾರಾದ್ರೂ ಒಬ್ಬಳ ಹಿಂದೆ ಬಂದು, ಕಿವಿ ಹತ್ರ ಹೇಳ್ತಾನೆ, 'ಬಂದೆಯಾ? ನಿನ್ನನ್ನೇ ಕಾಯ್ತಿದ್ದೆ. ಊಟ ಆರಿಹೋಯ್ತು. ಯಾಕಿಷ್ಟು ಹೊತ್ತು ಮಾಡಿದೆ?' ಅಂತ."

"ಅದರಲ್ಲಿ ಹೆದರೋದೇನಿದೆ?"

"ಪ್ರೀತಿಯಿಂದ ಕೇಳ್ತಾನೆ ಆಂಟಿ. ಅದಕ್ಕೇ ಮೈ ಜುಮ್ ಅನ್ನೋದು."

ಆಕೆ ಹುಡುಗಿಯ ಕಿವಿಯ ಹಿಂದೆ ಬೆರಳಿಟ್ಟು ಫ್ರೇಮು ಕೂರಿಸಿದಳು. ಬೇರೆ ಯಾರೋ ಇರಬೇಕು ಅಂದುಕೊಂಡಳು. ಅದೇ ವಾರ ಬ್ಯಾಂಕಿನ ಒಬ್ಬ ಹೆಂಗಸು ಬಂದಳು, ಆಮೇಲೆ ಕಾರು ಓಡಿಸುವುದನ್ನು ಕಲಿಸುವವಳೊಬ್ಬಳು. ಒಬ್ಬಳ ಕನ್ನಡಕದ ಮೂಗಿನ ಹಿಡಿ ಕಿತ್ತಿತ್ತು, ಇನ್ನೊಬ್ಬಳದು ಗಾಜಿಗೆ ಗೀರು ಬಿದ್ದಿತ್ತು. ಇಬ್ಬರ ಬಾಯಲ್ಲೂ ಅದೇ ಮೇಜು, ಅದೇ ಮಾತು. ಕಾರು ಕಲಿಸುವವಳು ಕಣ್ಣು ಅರಳಿಸಿ, "ನಮ್ಮನೆಯವರು ಯಾವತ್ತಾದ್ರೂ ಹೀಗೆ ಕೇಳಿದಾರಾ? ಇನ್ನೊಂದು ಸಲ ಹೋಗ್ಬೇಕು" ಎಂದಳು. ಆ ಹೊತ್ತಿಗೆ ಬಿಸಿಗಾಳಿಯ ಪೆಟ್ಟಿಗೆಯಿಂದ ವಾಸನೆ ಬಂತು. ಒಳಗಿದ್ದ ಯಾರದೋ ಹೊಸ ಫ್ರೇಮು ಮೆತ್ತಗಾಗಿ ಬಳುಕಿಹೋಗಿತ್ತು. ಇಷ್ಟು ವರ್ಷಗಳಲ್ಲಿ ಆಕೆಯ ಕೈಯಲ್ಲಿ ಹಾಗಾದದ್ದು ಅದೇ ಮೊದಲು.

ಆ ರಾತ್ರಿ ಆತ ಕಿವಿಯ ಸಂದಿಯಲ್ಲಿ ಬೂದಿಬಣ್ಣದ ಪುಡಿ ಉಳಿಸಿಕೊಂಡು ಮನೆಗೆ ಬಂದ. ಈಗ ತಟ್ಟೆ ಇಟ್ಟುಕೊಂಡು ಕಾಯುವ ಸರದಿ ಆಕೆಯದು.

"ಅಲ್ಲಿ ಏನೇನೋ ಮಾತಾಡ್ತೀರಂತೆ?"

"ಹ್ಞೂಂ."

"ಏನು ಮಾತು?"

"ಏನೋ," ಎಂದು ಆತ ತಟ್ಟೆಗೆ ಕೈಹಾಕಿದ.

ಗಂಡ ಒಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದರೆ ಅವಳ ಜುಟ್ಟು ಹಿಡಿದು ಕೇಳಬಹುದಿತ್ತು. ಇವನೋ, ಟಿಕೆಟ್ ಕೊಂಡು ಬಂದ ಊರ ಹೆಂಗಸರನ್ನೆಲ್ಲ ಕಾಯುತ್ತಿದ್ದ. ಯಾರ ಜುಟ್ಟೆಂದು ಹಿಡಿಯುವುದು?

ತನ್ನ ವಾರದ ರಜೆಯ ದಿನ ಆತನಿಗೆ ಹೇಳದೆ, ತಂಗಿಯನ್ನು ಜೊತೆ ಮಾಡಿಕೊಂಡು ಆಕೆ ಕಾರ್ಖಾನೆಗೆ ಹೋದಳು. ತಂಗಿ ಬ್ಯೂಟಿ ಪಾರ್ಲರ್ ನಡೆಸುವವಳು, ಒಂದೇ ಸಮನೆ ಮಾತಾಡುವವಳು. "ನಂಗೇನು ಭಯ? ನಿನ್ನ ಕೈ ಹಿಡ್ಕೊಳ್ಳೋಕೆ ಬರ್ತಿದೀನಿ" ಎಂದವಳು ಮೊದಲ ತಿರುವಿನಲ್ಲೇ ಚೀರಿ ದುಪಟ್ಟಾವನ್ನು ಮುಖದ ತುಂಬ ಎಳೆದುಕೊಂಡಳು. ಗೋಡೆಗಳಲ್ಲಿ ಇನ್ನೂ ಸುಟ್ಟ ಸಕ್ಕರೆಯ ವಾಸನೆ ಇತ್ತು. ಒದ್ದೆ ಬಟ್ಟೆಯ ಪಟ್ಟಿಗಳು ಮುಖಕ್ಕೆ ತಾಗುತ್ತಿದ್ದವು, ಕಾಲಡಿಯ ನೆಲ ಸ್ಪಂಜಿನಂತೆ ಕುಸಿಯುತ್ತಿತ್ತು, ದೊಡ್ಡ ಒಲೆಯೊಳಗಿಂದ ಕೈಗಳು ಹೊರಬರುತ್ತಿದ್ದವು. ಆಕೆಗೆ ಹೆದರಿಕೆಯಾಗಲಿಲ್ಲ. ಒಂದು ಮಾಟಗಾತಿಯ ಮೂಗಿನ ಮೇಲೆ ಕನ್ನಡಕದ ಗುರುತು ಕಾಣಿಸಿತು. ಪಾಪ, ಕನ್ನಡಕ ತೆಗೆದಿಟ್ಟು ಬಂದವಳು ಜನ ಎಲ್ಲಿದ್ದಾರೆಂದು ಕಾಣದೆ ಕಂಬವೊಂದನ್ನು ಹೆದರಿಸುತ್ತಿದ್ದಳು.

ಕೊನೆಗೆ ಆ ಕೋಣೆ ಬಂತು. ಮಂದ ದೀಪ, ಹಳದಿಗಟ್ಟಿದ ಮೇಜುಬಟ್ಟೆ, ಧೂಳು ಹಿಡಿದ ಎರಡು ತಟ್ಟೆ. ಹಳೆಯ ಕೋಟು ತೊಟ್ಟು, ಬೂದಿಬಣ್ಣದ ಮುಖದವನೊಬ್ಬ ತಲೆ ತಗ್ಗಿಸಿ ಕೂತಿದ್ದ. "ಗೊಂಬೆ ಕಣೋ" ಎಂದು ಗುಂಪಿನಲ್ಲಿ ಯಾರೋ ಅಂದರು. ಆ ಕತ್ತಿನ ಬಾಗು ಆಕೆಗೆ ಗೊತ್ತಿತ್ತು. ಕುರ್ಚಿ ನೆಲಕ್ಕೆ ಕೆರೆದ ಸದ್ದಾಯಿತು. ಆತ ಎದ್ದ, ಅವಸರವಿಲ್ಲದೆ ಗುಂಪನ್ನು ಬಳಸಿ ನಡೆದು, ಮುಖ ಮುಚ್ಚಿಕೊಂಡಿದ್ದ ತಂಗಿಯ ಬೆನ್ನಹಿಂದೆ ನಿಂತ.

"ಬಂದೆಯಾ?" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನಿನ್ನನ್ನೇ ಕಾಯ್ತಿದ್ದೆ. ಊಟ ಆರಿಹೋಯ್ತು. ಯಾಕಿಷ್ಟು ಹೊತ್ತು ಮಾಡಿದೆ?"

ಆ ಗಂಟಲಿನಲ್ಲಿ ಅಂಥ ಧ್ವನಿ ಇದೆಯೆಂದು ಆಕೆಗೆ ಗೊತ್ತೇ ಇರಲಿಲ್ಲ. ಆಳದಿಂದ ಬಂದು, ಕೊನೆಯಲ್ಲಿ ಒಂಚೂರು ನಡುಗುವ ಧ್ವನಿ. ತಂಗಿ ಕಿಟಾರನೆ ಕಿರುಚಿದಳು, ಮರುಗಳಿಗೆ ನಕ್ಕಳು. ಆತ ಕಣ್ಣೆತ್ತಿದಾಗ ಎದುರಿಗೆ ಹೆಂಡತಿ ನಿಂತಿದ್ದಳು. ಆಕೆ ಕಾದಳು. ಆತ ಒಂದು ಹೆಜ್ಜೆ ಹಿಂದೆ ಸರಿದು, ಕುರ್ಚಿಗೆ ಹೋಗಿ ಕೂತು, ಮೊದಲಿನಂತೆ ತಲೆ ತಗ್ಗಿಸಿಬಿಟ್ಟ.

ಹೊರಗೆ ಬಂದ ಮೇಲೂ ತಂಗಿ ಕಿವಿ ಉಜ್ಜಿಕೊಳ್ಳುತ್ತಲೇ ಇದ್ದಳು. "ಅಕ್ಕ, ಅದು ಭಾವನೇ ಅಲ್ವಾ? ಅಬ್ಬ, ಇನ್ನೂ ಕಿವೀಲಿ ಗುಂಯ್ ಅಂತಿದೆ ನೋಡು."

"ನಂಗೆ ಹೊಟ್ಟೆ ಉರೀತಿದೆ."

"ನನ್ನ ಮೇಲಾ?"

"ನಿನ್ನ ಕಿವಿ ಮೇಲೆ."

ತಂಗಿ ಅದನ್ನು ತಮಾಷೆಯೆಂದುಕೊಂಡಳು. ಹೇಳಿದರೂ ಉರಿ ಇಳಿಯದೆ ಹೋದದ್ದು ಆಕೆಗೆ ಅದೇ ಮೊದಲ ಸಲ. ಮುಂದಿನ ಎರಡು ದಿನ ಆಕೆ ಮನೆಯಲ್ಲಿ ಮಾತು ಬಿಟ್ಟಳು. ಮಾತು ಬಿಟ್ಟರೆ ಆ ಮನೆಯಲ್ಲಿ ಯಾರಿಗೆ ತಿಳಿಯಬೇಕು? ಆತ ಎಂದಿನಂತೆಯೇ ಇದ್ದ. ತಟ್ಟೆ ತೊಳೆದ, ದೀಪ ಆರಿಸಿದ, ಮಲಗಿದ. ಆಕೆ ಪಕ್ಕದಲ್ಲಿ ಬಿದ್ದುಕೊಂಡು, ಬ್ಯಾಂಕಿನವಳ ಕಿವಿ, ಕಾಲೇಜು ಹುಡುಗಿಯ ಕಿವಿ, ತಂಗಿಯ ಓಲೆ ಹಾಕಿದ ಕಿವಿ ಎಂದು ಒಂದೊಂದನ್ನೇ ಕಣ್ಣಮುಂದೆ ತಂದುಕೊಂಡು ಉರಿದಳು.

ಮೂರನೆಯ ದಿನ ತಲೆನೋವೆಂದು ಹೇಳಿ ಅಂಗಡಿಯಿಂದ ಬೇಗ ಹೊರಟು, ಒಬ್ಬಳೇ ಹೋಗಿ ಟಿಕೆಟ್ ಕೊಂಡಳು. ಆ ಕೋಣೆಯಲ್ಲಿ ಗುಂಪು ಮುಂದೆ ಸಾಗಲು ಬಿಟ್ಟು, ತಾನು ಮಾತ್ರ ಹಿಂದುಳಿದಳು. ನೇರ ಹೋಗಿ ಖಾಲಿ ಕುರ್ಚಿಯಲ್ಲಿ ಕೂತಳು.

ಆತ ತಲೆಯೆತ್ತಿದ. "ಏಳು. ಇನ್ನೊಂದು ಗುಂಪು ಬರುತ್ತೆ." ಅದು ಮನೆಯ ದನಿ.

"ಹೇಳಿ."

"ಏನು?"

"ಎಲ್ಲರಿಗೂ ಹೇಳ್ತೀರಲ್ಲ, ಅದು."

ಆತ ಧೂಳು ಹಿಡಿದ ತಟ್ಟೆಯನ್ನು ಆಕೆಯ ಕಡೆಗೆ ಸರಿಸಿದ. ಬೂದಿ ಬಳಿದ ಹಣೆಯಲ್ಲಿ ಬೆವರು ಗೆರೆ ಕೊಯ್ದಿತು. ಅಷ್ಟರಲ್ಲಿ ಮುಂದಿನ ಗುಂಪು ಬಂದೇಬಿಟ್ಟಿತು. ಮೇಜಿನ ಎರಡೂ ಕಡೆ ಇಬ್ಬರು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ಮಿಸುಕದೆ ಕೂತಿದ್ದನ್ನು ಕಂಡು, ಭೂತಗಳು ಯಾವ ಹೊತ್ತಿನಲ್ಲಿ ಏಳುತ್ತವೋ ಎಂದು ಅವರು ಕೋಣೆಯ ಗೋಡೆಗೆ ಅಂಟಿಕೊಂಡು ದಾಟಿದರು. ಕೊನೆಗೆ ಟಾರ್ಚು ಹಿಡಿದ ಕಾವಲಿನವಳು ಬಂದು, "ಮೇಡಂ, ಇಲ್ಲಿ ಕೂರೋ ಹಾಗಿಲ್ಲ" ಎಂದು ಆಕೆಯನ್ನು ಪಕ್ಕದ ಬಾಗಿಲಿನಿಂದ ಹಿತ್ತಲಿಗೆ ಕರೆದೊಯ್ದಳು.

ಅಲ್ಲಿ ವೇಷಗಾರರು ಟೀ ಕುಡಿಯುವ ಜಾಗವಿತ್ತು. ಆಕೆ ಕದಲಲಿಲ್ಲ. ಬಿಡುವಾದಾಗ ಆತ ಎರಡು ಲೋಟ ಹಿಡಿದುಕೊಂಡು ಬಂದು, ಒಂದನ್ನು ಆಕೆಯ ಕೈಗೆ ಕೊಟ್ಟು, ಮಗುಚಿಟ್ಟ ಕ್ರೇಟಿನ ಮೇಲೆ ಕೂತ.

"ಆ ಮಾತು ಯಾರು ಬರೆದುಕೊಟ್ರು?"

"ಯಾರೂ ಇಲ್ಲ. ಏನಾದ್ರೂ ಹೇಳಿ ಅಂದ್ರು."

"ಮತ್ತೆ ಎಲ್ಲಿಂದ ಬಂತು?"

ಆತ ಲೋಟವನ್ನು ಕೈಯಲ್ಲೇ ತಿರುಗಿಸಿದ. "ಮನೇಲಿ ಕೂತಿರ್ತೀನಲ್ಲ ಸಂಜೆ. ಆಗ ಬರೋದು. ನೀನು ಬರೋ ತನಕ."

"ನಾನು ಬಂದಾಗ ಒಂದು ಸಲಾನಾದ್ರೂ ಯಾಕೆ ಹೇಳ್ಲಿಲ್ಲ?"

"ನೀನು ಬಂದಿರ್ತೀಯಲ್ಲ," ಎಂದ ಆತ. ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ ನೋಡಿ, "ಬಂದಮೇಲೆ ಇನ್ನೇನು ಕೇಳೋದು."

ಬೇರೆ ಹೆಂಗಸಾಗಿದ್ದರೆ ಅಲ್ಲೇ ಕರಗುತ್ತಿದ್ದಳೇನೋ. ಈಕೆಗೆ ಇನ್ನೂ ಹೆಚ್ಚು ಉರಿಯಿತು. ಹಾಗಾದರೆ ಅದು ಬರೀ ವೇಷದ ಮಾತಲ್ಲ. ತನಗೆಂದೇ ಇಷ್ಟು ವರ್ಷ ಆತನ ಬಾಯಿಯ ಹಿಂದೆ ಕಾದು ಕೂತಿದ್ದ ಮಾತು.

"ಅದು ನನ್ನದು ರೀ. ನಂಗೆ ಸೇರ್ಬೇಕಾದ್ದು. ಬಂದೋರಿಗೆಲ್ಲ ಹಂಚಿಬಿಟ್ರಿ. ನನ್ನ ತಂಗಿಗೂ ಕೊಟ್ರಿ, ನನಗಿಲ್ಲ."

"ಅವಳಾ ಅದು?"

"ಮತ್ತ್ಯಾರು?"

ಆತ ಲೋಟ ಕೆಳಗಿಟ್ಟ. "ಈಗ ಏನು ಮಾಡ್ಲಿ?"

"ನಾಳೆಯಿಂದ ಆ ಮಾತು ಯಾರಿಗೂ ಆಡ್ಬಾರದು."

"ಹ್ಞೂಂ."

ಆ ಹ್ಞೂಂ ಯಾವ ಬಗೆಯದೆಂದು ಆಕೆಗೆ ತಕ್ಷಣ ತಿಳಿಯಲಿಲ್ಲ. ಆದರೆ ಆತ ನಡೆದುಕೊಂಡ. ಮರುದಿನ ಗುಂಪು ಬಂದಾಗ ಎದ್ದ, ಒಬ್ಬಳ ಬೆನ್ನಹಿಂದೆ ನಿಂತ, ಕಿವಿಯ ಹತ್ತಿರ ಬಾಗಿ, "ಉಪ್ಪು ಕೊಡಿ" ಎಂದ. ಗುಂಪು ಗೊಳ್ಳೆಂದು ನಕ್ಕಿತು. ಸಂಜೆಯೆಲ್ಲ ಅದೇ ಕಥೆ. ಹೊರಗೆ ಬಂದವರು ಊಟದ ಕೋಣೆಯನ್ನು ನೆನೆದು ಇನ್ನೂ ನಗುತ್ತಿರುವುದನ್ನು ಕಂಡು ಮ್ಯಾನೇಜರು ತಲೆ ಚಚ್ಚಿಕೊಂಡ.

"ಏನ್ರೀ ಆಯ್ತು ನಿಮಗೆ? ಚೆನ್ನಾಗೇ ನಡೀತಿತ್ತಲ್ಲ."

"ಹೆಂಡ್ತಿ ಬೇಡ ಅಂದ್ಲು."

ಮ್ಯಾನೇಜರಿಗೂ ಮನೆಯಲ್ಲಿ ಹೆಂಡತಿಯಿದ್ದಳು. ಮುಂದೆ ಏನೂ ಕೇಳದೆ, ನಾಟಕ ಕಲಿತ ಯುವಕನೊಬ್ಬನನ್ನು ಮೇಜಿಗೆ ಕೂರಿಸಿ, ಗೋಡೆಯನ್ನು ಹೊರಬಾಗಿಲಿಗೆ ಹಾಕಿದ. ಅಲ್ಲಿ ಮಾತಿನ ಕೆಲಸವಿರಲಿಲ್ಲ. ಮರ ಕೊಯ್ಯುವ ಯಂತ್ರದ ಗರಗಸ ಹಿಡಿದು ಜನರನ್ನು ಅಟ್ಟುವುದು, ಅಷ್ಟೇ. ಅದರ ಹಲ್ಲಿನ ಸರಪಳಿ ಬಿಚ್ಚಿ ತೆಗೆದಿದ್ದರು, ಸದ್ದು ಮಾತ್ರ ಹಾಗೇ ಇತ್ತು.

ಆತನ ರಜೆಯ ದಿನ ಆಕೆ ಅಂಗಡಿಯಿಂದ ಬಂದಾಗ ಮೇಜಿನ ಮೇಲೆ ತಟ್ಟೆಗಳಿದ್ದವು, ಆತ ಕೂತಿದ್ದ. ಆಕೆ ಚೀಲವನ್ನೂ ಕೆಳಗಿಡದೆ ನಿಂತಳು. ಆತ ಗಂಟಲು ಸರಿಮಾಡಿಕೊಂಡ. ಬೂದಿಬಣ್ಣವಿಲ್ಲದ ಮುಖ ನಿಧಾನಕ್ಕೆ ಕೆಂಪೇರಿತು.

"ಬಂದೆಯಾ," ಎಂದ. ಅಲ್ಲಿಗೇ ನಿಂತಿತು.

"ಹ್ಞೂಂ" ಎಂದಳು ಆಕೆ, ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಉಳಿದ ಮಾತನ್ನು ಊರಿಗೆ ಹೇಳಿದಷ್ಟು ಸಲೀಸಾಗಿ ತನಗೆ ಹೇಳಲಾರನೆಂಬುದು ಆಕೆಗೆ ಆಗ ಖಾತ್ರಿಯಾಯಿತು. ಅದನ್ನು ಕೇಳಿಸಿಕೊಂಡ ಹೆಂಗಸರ ಮೇಲಿನ ಕಿಚ್ಚು ಪೂರ್ತಿ ಹೋಗಲಿಲ್ಲ. ಬ್ಯಾಂಕಿನವಳು ಮತ್ತೆ ಅಂಗಡಿಗೆ ಬಂದಾಗ ಆಕೆ ಬೇರೆಯವಳನ್ನು ಕೌಂಟರಿಗೆ ಕಳಿಸಿದಳು.

ಭೂತದ ಮನೆ ಮುಚ್ಚುವ ಕೊನೆಯ ಸಂಜೆ ತಂಗಿ ಹಟಹಿಡಿದು ಆಕೆಯನ್ನು ಮತ್ತೊಮ್ಮೆ ಎಳೆದುಕೊಂಡು ಹೋದಳು. ಮೇಜಿನ ಯುವಕ ಉದ್ದುದ್ದ ಮಾತು ಹೊಡೆದ. ಅವರು ಆಕಳಿಸಿ ದಾಟಿದರು. ಹೊರಬಾಗಿಲಿನ ಕತ್ತಲಲ್ಲಿ ಗರಗಸ ಗುರ್ ಎಂದಿತು. ತಂಗಿ ಚೀರುತ್ತ ನಾಲ್ಕು ಹೆಜ್ಜೆ ಓಡಿದಳು. ಗರಗಸ ಅವಳನ್ನು ಬಿಟ್ಟು ತಿರುಗಿತು. ಆತ ಆಕೆಯನ್ನು ನೋಡಿದ. ಈ ಸಲ ಹಿಂದೆ ಸರಿಯಲಿಲ್ಲ. ಯಂತ್ರವನ್ನು ತಲೆಯ ಮೇಲೆತ್ತಿಕೊಂಡು ಬಂದೇಬಿಟ್ಟ.

ಆಕೆ ಓಡಿದಳು. ಟಿಕೆಟ್ ಕಿಟಕಿ ದಾಟಿ, ಸಾಲುಗಟ್ಟಿ ನಿಂತವರ ನಡುವೆ ನುಗ್ಗಿ, ಗೇಟು ದಾಟಿ, ರಸ್ತೆಯ ದೀಪಗಳ ಕೆಳಗೆ ಸೆರಗು ಬಿಗಿಹಿಡಿದು ಓಡಿದಳು. ಗರಗಸದ ಸದ್ದು ಬೆನ್ನು ಬಿಡಲಿಲ್ಲ. ಕೊನೆಗೆ ಬಸ್ ಸ್ಟಾಪಿನ ಕಂಬ ಹಿಡಿದು ನಿಂತಳು. ಆಕೆಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಆತ ಯಂತ್ರ ಆರಿಸಿ, ಸೊಂಟಕ್ಕೆ ಕೈಕೊಟ್ಟು, ಏದುಸಿರು ಬಿಡುತ್ತ ಪಕ್ಕದಲ್ಲಿ ನಿಂತ.

ಸ್ವಲ್ಪ ಹೊತ್ತಾದ ಮೇಲೆ ತಂಗಿ, ದಾರಿಯಲ್ಲಿ ಅಕ್ಕ ಕಳಚಿಕೊಂಡಿದ್ದ ಚಪ್ಪಲಿ ಹಿಡಿದುಕೊಂಡು, ಮುಖ ಊದಿಸಿಕೊಂಡು ಬಂದಳು. "ಇಬ್ರಿಗೂ ಟಿಕೆಟ್ ಒಂದೇ ಅಲ್ವಾ ಭಾವ? ನನ್ನನ್ನ ಬಾಗಿಲಿಂದಾಚೆ ಕೂಡ ಅಟ್ಟಲಿಲ್ಲ" ಎಂದು ದೂರಿದಳು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಆಕೆ ಗಂಡನ ತೋಳು ಹಿಡಿದುಕೊಂಡೇ ಚಪ್ಪಲಿ ಮೆಟ್ಟಿದಳು.