ಅಮೇರಿಕಕ್ಕೆ ಆಗದ ಅಂಗಳ

ಕತಾರಿನಿಂದ ಬಂದ ಮೊಮ್ಮಗ ಒಂದು ಗಾಜಿನ ಬಾಟಲಿ ತಂದುಕೊಟ್ಟ. ಒಳಗೆ ಒಳ್ಳೆಮೆಣಸು, ಪೇಟೆಯವರು ಕಾಳುಮೆಣಸು ಎನ್ನುತ್ತಾರಲ್ಲ, ಅದು. ಗುಡ್ಡದ ತುಂಬ ಮೆಣಸಿನ ಬಳ್ಳಿ ಇರುವ ಮನೆಗೆ ಕಡಲಾಚೆಯಿಂದ ಮೆಣಸು ತರುವವನಿಗೆ ಏನು ಹೇಳುವುದು. ಬಾಟಲಿಯ ಮೇಲೆ ಬರೆದದ್ದನ್ನು ಅವನೇ ಓದಿದ: ತೊಳೆದದ್ದು, ಹಬೆಯಲ್ಲಿ ಶುದ್ಧ ಮಾಡಿದ್ದು, ಇಂತಿಂಥ ದೇಶದ ಪರೀಕ್ಷೆಯಲ್ಲಿ ಪಾಸಾದದ್ದು. ಮುಚ್ಚಳ ತೆಗೆದು ಮೂಸಿದೆ. ಖಾರ ಮೂಗಿಗೆ ಹೊಡೆದು ಸೀನು ಬಂತು. ಆದರೆ ಆ ಖಾರದ ಜೊತೆಗೆ ನನ್ನ ಮೂಗು ಹುಡುಕುತ್ತಿದ್ದ ಇನ್ನೊಂದು ವಾಸನೆ ಸಿಗಲಿಲ್ಲ... ಬಿಸಿಲಿಗೆ ಕಾದ ಸಗಣಿಯದ್ದು. ಅವೆರಡೂ ಒಟ್ಟಿಗೆ ಬರುತ್ತಿದ್ದದ್ದು ಆಚೆಮನೆ ಅಕ್ಕನ ಅಂಗಳದಲ್ಲಿ.

ಅಕ್ಕ ಎಂದದ್ದು ಪ್ರೀತಿಯಿಂದ ಎಂದು ತಿಳಿಯಬೇಡಿ. ಇಡೀ ಊರು ಅವರನ್ನು ಹಾಗೆಯೇ ಕರೆಯುತ್ತಿತ್ತು, ಬೇರೆ ಯಾವ ಹೆಸರಲ್ಲಿ ಕರೆದರೂ ಬೈಗುಳ ತಿನ್ನಬೇಕಾಗಿತ್ತು. ನಾನು ಕುಂಬ್ಡಾಜೆಗೆ ಮದುವೆಯಾಗಿ ಬಂದದ್ದು ದೊಡ್ಡ ಯುದ್ಧ ಮುಗಿದ ಸಮಯದಲ್ಲಿ. ಬಂದ ಹೊಸತರಲ್ಲಿ ಒಂದು ದಿನ ಒಲೆಗೆ ಕೆಂಡ ಕೇಳಲು ಅವರಲ್ಲಿಗೆ ಹೋದೆ. ಅವರು ನನ್ನ ಮುಖ ನೋಡಲಿಲ್ಲ, ಹಿಮ್ಮಡಿ ನೋಡಿದರು.

“ಈ ಕಾಲಲ್ಲಿ ನನ್ನ ಅಂಗಳಕ್ಕೆ ಇಳಿಯಬೇಡ. ತೊಳೀಲಿಕ್ಕೆ ನಿನ್ನ ತಾಯಿ ಕಲಿಸಲಿಲ್ವಾ?” ಎಂದರು.

ನನ್ನ ತಾಯಿ ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ನಾನು ಕೆಂಡವಿಲ್ಲದೆ ಹಿಂದೆ ಬಂದು, ಬಾವಿಕಟ್ಟೆಯಲ್ಲಿ ಕುಳಿತು ರಕ್ತ ಬರುವ ಹಾಗೆ ಹಿಮ್ಮಡಿ ಉಜ್ಜಿದೆ.

ಅಕ್ಕ ಎಳೆ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವರು. ತಮ್ಮನ ಜಾಗದ ಒಂದು ಮೂಲೆಯಲ್ಲಿ ಸಣ್ಣ ಮನೆ ಕಟ್ಟಿಕೊಂಡು, ಒಂದು ದನ ಸಾಕಿಕೊಂಡು ಬೇರೆಯೇ ಇದ್ದರು. ತಮ್ಮನ ಹೆಂಡತಿಯ ಅಡಿಗೆಮನೆಗೆ ಅವರು ಇಟ್ಟ ಹೆಸರು ಹಟ್ಟಿ, ಎಂದರೆ ದನದ ಕೊಟ್ಟಿಗೆ. ಆಕೆ ಬಡಿಸಿದ ಗಂಜಿಯನ್ನು ಒಮ್ಮೆ ನೆಂಟರ ಎದುರೇ ನಾಯಿಗೆ ಸುರಿದಿದ್ದರಂತೆ, ಅದರಲ್ಲಿ ಒಂದು ಕೂದಲು ಇತ್ತೆಂದು. ಆ ಹೆಂಗಸು ಅದನ್ನು ಮರೆಯುವವಳಲ್ಲ. ತಮ್ಮನಿಗೆ ಇಬ್ಬರ ನಡುವೆ ಸಾಕೋ ಸಾಕಾಗಿ ಹೋಗಿತ್ತು. ನಿನ್ನ ಅಕ್ಕಿ ನೀನು ದುಡಿಯುವಷ್ಟು ಕಾಲ ಬೇರೆ ಇರು, ಆಗದ ದಿನ ಇಲ್ಲಿಗೆ ಬಂದು ಇವಳು ಹಾಕಿದ್ದನ್ನು ಉಣ್ಣು ಎಂದು ಅವನು ಖಡಾಖಂಡಿತ ಹೇಳಿಬಿಟ್ಟಿದ್ದ.

ಆ ಅಕ್ಕಿಯನ್ನು ದುಡಿಯುತ್ತಿದ್ದದ್ದು ಅಂಗಳ. ನಮ್ಮೆಲ್ಲರ ಮನೆ ಗುಡ್ಡದ ಇಳಿಜಾರಿನಲ್ಲಿ, ಮರದ ನೆರಳಿನಲ್ಲಿ. ಅಕ್ಕನ ಮನೆ ಮಾತ್ರ ನೆತ್ತಿಯ ಮುರಕಲ್ಲಿನ ತಟ್ಟಿನಲ್ಲಿ, ಕೆಂಪು ಕಲ್ಲಿನ ಬಯಲು ಅದು, ಬೆಳಗಿನಿಂದ ಬೈಗಿನವರೆಗೆ ಬಿಸಿಲು. ಮಳೆ ನಿಂತ ಮೇಲೆ ಅವರು ಕೆಮ್ಮಣ್ಣು ಹಾಕಿ, ಪೆಟ್ಟುಮಣೆಯಲ್ಲಿ ಬಡಿದು ಬಡಿದು ಸಮ ಮಾಡಿ, ಸಗಣಿಗೆ ತೆಂಗಿನ ಚಿಪ್ಪಿನ ಮಸಿ ಕಲಸಿ ಸಾರಿಸುತ್ತಿದ್ದರು. ಕಪ್ಪಗೆ ಮಿನುಗುವ ಆ ಅಂಗಳದಲ್ಲಿ ಅನ್ನ ಹಾಕಿಕೊಂಡು ಉಣ್ಣಬಹುದು ಎಂದು ಅವರನ್ನು ಕಂಡರಾಗದವರೂ ಹೇಳುತ್ತಿದ್ದರು. ಚಳಿಗಾಲದಲ್ಲಿ ಊರಿನ ಅರ್ಧ ಮನೆಗಳ ಮೆಣಸು ಅಲ್ಲಿಗೇ ಬರುತ್ತಿತ್ತು. ತುಳಿದು ಕಾಳು ಬಿಡಿಸುವ ಹೆಂಗಸರ ಕಾಲನ್ನು ಒಂದೊಂದಾಗಿ ಎತ್ತಿಸಿ ನೋಡಿಯೇ ಒಳಗೆ ಬಿಡುತ್ತಿದ್ದರು. ಒಣಗಿಸಿ, ಗಾಳಿಗೆ ಹಿಡಿದು ಕೊಟ್ಟದ್ದಕ್ಕೆ ಪ್ರತಿ ಮನೆಯವರು ಮೆಣಸಿನಲ್ಲೇ ಒಂದು ಪಾಲು ಬಿಡಬೇಕು. ಅದೇ ಅವರ ವರ್ಷದ ಊಟ.

ಊರಿನ ಮೆಣಸನ್ನೆಲ್ಲ ಕೊಳ್ಳುತ್ತಿದ್ದವರು ಬೋವಿಕಾನದ ಒಬ್ಬ ಸಾವ್ಕಾರರು. ಅವರಿಂದ ಮಂಗಳೂರಿನ ದಲ್ಲಾಳಿಗೆ, ಅಲ್ಲಿಂದ ಹಡಗಿಗೆ. ಒಂದು ವರ್ಷ ಕೊಯ್ಲಿನ ಆರಂಭದಲ್ಲೇ ಸಾವ್ಕಾರರು ಗುಡ್ಡ ಹತ್ತಿ ಬಂದು ಅಕ್ಕನ ಜಗಲಿಯಲ್ಲಿ ಬೆವರು ಒರೆಸುತ್ತ ಕುಳಿತರು. ಹೋದ ವರ್ಷದ ಮಾಲನ್ನು ಅಮೇರಿಕದ ಬಂದರಿನಲ್ಲಿ ತಡೆದು ನಿಲ್ಲಿಸಿದ್ದಾರೆ, ಅದರಲ್ಲಿ ಗಲೀಜು ಸಿಕ್ಕಿದೆಯಂತೆ ಎಂದರು.

“ಬೇರೆ ದೇಶದವರು ಕಣ್ಣು ಮುಚ್ಚಿ ತಗೊಳ್ತಾರೆ. ಇವರದ್ದು ಹಾಗಲ್ಲ, ತಿನ್ನುವ ಸಾಮಾನಿಗೆ ಬೇರೆಯೇ ಕಾನೂನು ಉಂಟು, ಕಾಳು ಕಾಳು ಪರೀಕ್ಷೆ ಮಾಡ್ಲಿಕ್ಕೆ ಆಫೀಸರ್ ಇದ್ದಾನೆ. ಆದ್ರೆ ಒಳ್ಳೆ ಕ್ರಯ ಕೊಡುವುದು ಸಹ ಅವರೇ. ಈ ಸಲದ ಮಾಲು ಪಾಸಾದ್ರೆ ಮಾತ್ರ ಮುಂದಿನ ವರ್ಷಗಳಿಗೆ ಕರಾರು ಮಾಡ್ತಾರಂತೆ,” ಎಂದರು.

ಅಕ್ಕನಿಗೆ ಹಬ್ಬವೇ ಆಯಿತು. ಕಡಲಾಚೆ ತನ್ನ ಹಾಗೆ ಹೇಸುವ ಮನುಷ್ಯ ಒಬ್ಬನಿದ್ದಾನೆ ಎಂದು ಮೊದಲ ಸಲ ತಿಳಿದ ಸಂತೋಷ ಅದು. ನಿಮ್ಮ ನಿಮ್ಮ ಮನೆಯ ಕೊಳಕು ಅಮೇರಿಕದವರೆಗೆ ನಾರಿತು ನೋಡಿ ಎಂದು ನಮ್ಮನ್ನೆಲ್ಲ ನಿಲ್ಲಿಸಿ ಮಂಗಳಾರತಿ ಎತ್ತಿದರು. ಆ ವರ್ಷ ಊರಿನ ಒಂದು ಕಾಳೂ ಬೇರೆ ಕಡೆ ಒಣಗಬಾರದೆಂದು ಅಪ್ಪಣೆಯಾಯಿತು. ಸಾವ್ಕಾರರು ಆಗಲಿ ಎಂದು ತಲೆ ಆಡಿಸಿದರು.

ಆ ಚಳಿಗಾಲ ಅವರು ದುಡಿದ ಹಾಗೆ ಮನುಷ್ಯರು ದುಡಿಯುವುದನ್ನು ನಾನು ಮತ್ತೆ ನೋಡಿಲ್ಲ. ಮೊದಲೆಲ್ಲ ಒಂದು ಸಲ ಸಾರಿಸಿದರೆ ಹಲವು ರಾಶಿ ಒಣಗಿಸುತ್ತಿದ್ದವರು ಈಗ ಪ್ರತಿ ರಾಶಿಗೂ ಹೊಸದಾಗಿ ಸಾರಿಸಿದರು. ಹಳೆ ಸಗಣಿ ಆಗದು, ಆ ಬೆಳಗ್ಗಿನದ್ದೇ ಆಗಬೇಕು, ಅದೂ ತನ್ನ ದನದ್ದೇ. ಅಂಗಳ ಪೂರ್ತಿ ಆರುವ ಮೊದಲೇ ಮುಂದಿನ ಮನೆಯ ಮೆಣಸು ಬಂದು ಕಾಯುತ್ತಿತ್ತು, ಆರದ ಅಂಗಳದ ಮೇಲೆಯೇ ಹರವಿದರು. ಗಲೀಜು ಎಂದರೆ ಯಾವ ಗಲೀಜು ಎಂದು ಸಾವ್ಕಾರರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸಗಣಿ ಗಲೀಜು ಎಂದು ಯೋಚಿಸುವ ಒಂದು ತಲೆಯೂ ನಮ್ಮ ಊರಿನಲ್ಲಿರಲಿಲ್ಲ. ಮೈಲಿಗೆಯನ್ನು ತೆಗೆಯುವ ವಸ್ತುವೇ ಮೈಲಿಗೆ ಎಂದರೆ ಮನುಷ್ಯ ಮತ್ತೆ ಯಾವುದರಲ್ಲಿ ತೊಳೆದುಕೊಳ್ಳುವುದು?

ಮುಂದಿನ ಕೊಯ್ಲಿಗೆ ಸಾವ್ಕಾರರು ಬಂದಾಗ ಜೊತೆಗೆ ಮಂಗಳೂರಿನ ದಲ್ಲಾಳಿಯೂ ಇದ್ದ. ಬಿಳಿ ಷರಾಯಿಯ, ಮೆಲ್ಲಗೆ ಮಾತಾಡುವ ಮನುಷ್ಯ. ನಾವೆಲ್ಲ ಮೆಣಸು ತುಳಿಯುತ್ತಿದ್ದೆವು, ಅಕ್ಕನ ತಮ್ಮನ ಹೆಂಡತಿಯೂ ಇದ್ದಳು. ಅವನು ಬಂದವನೇ ಕುಕ್ಕರುಗಾಲಲ್ಲಿ ಕುಳಿತು ಉಗುರಿನಲ್ಲಿ ಅಂಗಳ ಕೆರೆದು, ಬೆರಳನ್ನು ಮೂಸಿದ. ಇದು ಏನು ಎಂದು ಕೇಳಿದ.

“ಸಗಣಿ. ಇವತ್ತು ಬೆಳಿಗ್ಗೆಯದ್ದು,” ಎಂದರು ಅಕ್ಕ. ಬಹುಮಾನ ಕೊಡಲು ಬಂದವನೆಂದು ತಿಳಿದಿದ್ದರೋ ಏನೋ.

ಅವನು ಕರವಸ್ತ್ರದಲ್ಲಿ ಬೆರಳು ಒರೆಸಿ, ಆ ಕರವಸ್ತ್ರವನ್ನು ಅಲ್ಲಿಯೇ ಬಿಟ್ಟ. “ಇದೇ ಅಮ್ಮಾ ಅವರಿಗೆ ಸಿಕ್ಕಿದ್ದು. ಹೋದ ಸಲಕ್ಕಿಂತ ಈ ಸಲ ಜಾಸ್ತಿ. ಕರಾರು ಹೋಯಿತು.”

“ಸಗಣಿ ಹೇಗೆ ಗಲೀಜಾಗ್ತದೆ?”

“ಅವರ ದೇಶದಲ್ಲಿ ಆಗ್ತದೆ ಅಮ್ಮಾ. ಅವರು ತಿನ್ನುವುದಕ್ಕೆ ಅವರ ಕಾನೂನು.”

ತಮ್ಮನ ಹೆಂಡತಿ ಕಾಲಿಗೆ ಅಂಟಿದ ಕಾಳುಗಳನ್ನು ಉದುರಿಸಿಕೊಳ್ಳುತ್ತ ಬಹಳ ನಿಧಾನವಾಗಿ, “ಹಟ್ಟಿ ಯಾರದ್ದು ಅಂತ ಅಮೇರಿಕದವರೇ ಹೇಳಿದರಲ್ಲ ಅತ್ತಿಗೆ,” ಎಂದಳು.

ನಗು ಒಂದು ಕಡೆಯಿಂದ ಹುಟ್ಟಿ ಅಂಗಳವಿಡೀ ಹರಡಿತು. ಒಂದೊಂದು ಹೆಂಗಸಿಗೂ ಒಂದೊಂದು ಹಳೆ ಬಾಕಿ ಇತ್ತು. ನಾನೂ ನಕ್ಕೆ, ಹೊಟ್ಟೆ ತುಂಬ ನಕ್ಕೆ. ಅಕ್ಕ ಆ ಕರವಸ್ತ್ರವನ್ನೇ ನೋಡುತ್ತ ನಿಂತಿದ್ದರು.

ಅಮೇರಿಕದವರು ಬೇಡ ಎಂದು ಹಿಂದೆ ಕಳಿಸಿದ ಮೆಣಸು ಏನಾಯಿತೆಂದರೆ, ಅರ್ಧವನ್ನು, ಕಾಳು ಕಾಳು ಪರೀಕ್ಷೆ ಮಾಡುವ ಆಫೀಸರ್ ಇಲ್ಲದ ಇನ್ನೊಂದು ದೇಶ ಕಡಿಮೆ ಕ್ರಯಕ್ಕೆ ಕೊಂಡಿತಂತೆ. ಉಳಿದದ್ದು ನಮ್ಮ ಅಂಗಡಿಗಳಿಗೇ ಬಂತು. ಇಲ್ಲಿಯವರಿಗೆ ನಡೀತದೆ ಮಾರಾಯ ಎಂದರಂತೆ ಸಾವ್ಕಾರರು. ನಡೆಯಿತು ಕೂಡ. ಆ ವರ್ಷ ಸಾರಿಗೆ, ಕಷಾಯಕ್ಕೆ, ಬಾಣಂತಿ ಮದ್ದಿಗೆ ನಾವೆಲ್ಲ ತಿಂದದ್ದು ಅದನ್ನೇ, ಯಾರಿಗೂ ಹೊಟ್ಟೆ ನೋಯಲಿಲ್ಲ. ಆದರೆ ಅಮೇರಿಕದ ಕ್ರಯದ ರುಚಿ ಹತ್ತಿದ ಸಾವ್ಕಾರರು ಮರುವರ್ಷ ಬೋವಿಕಾನದಲ್ಲಿ ಸಿಮೆಂಟಿನ ಅಂಗಳ ಮಾಡಿಸಿದರು, ಮೆಣಸನ್ನು ಹಸಿಯಾಗಿಯೇ ತರಬೇಕೆಂದರು. ಗಾಡಿಗಳು ಅಕ್ಕನ ಮನೆಯ ಎದುರಿನಿಂದಲೇ ಇಳಿದು ಹೋದವು.

ಆ ವರ್ಷವೂ ಅವರು ಅಂಗಳ ಸಾರಿಸಿ ಕಾದರು. ಯಾರೂ ಹೋಗಲಿಲ್ಲ. ಅಕ್ಕಿ ಮುಗಿಯಿತು. ಆಟಿ ತಿಂಗಳ, ಆಷಾಢದ ಜಡಿಮಳೆಯಲ್ಲಿ ತಮ್ಮ ಬಂದು ದನದ ಹಗ್ಗ ಬಿಚ್ಚಿಕೊಂಡು ಮುಂದೆ ನಡೆದ, ಅಕ್ಕ ಬಟ್ಟೆಗಂಟು ಹಿಡಿದು ಹಿಂದೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ, ನಾದಿನಿಯರಿಗೂ ಇದೆ. ತಮ್ಮನ ಹೆಂಡತಿ ಅವರನ್ನು ಒಲೆಯ ಹತ್ತಿರ ಬಿಡಲಿಲ್ಲ. ಸಗಣಿ ಬಾಚುವುದು, ಗೊಬ್ಬರದ ಗುಂಡಿಗೆ ಹೊರುವುದು ಅವರ ಪಾಲಿಗೆ ಬಂತು. ಬಡಿಸುವ ಮೊದಲು ಅಂಗೈ ಚಾಚಿಸಿ ಮೂಸುತ್ತಿದ್ದಳು, ನಾರುತ್ತದೆ, ಮತ್ತೆ ತೊಳೆದು ಬನ್ನಿ ಎನ್ನುತ್ತಿದ್ದಳು. ಮಕ್ಕಳು ಅವರನ್ನು ಅಮೇರಿಕ ಎಂದು ಕರೆದರು, ಆಮೇಲೆ ದೊಡ್ಡವರೂ ಕರೆದರು. ಇಡೀ ಊರನ್ನು ನಡುಗಿಸಿದ ನಾಲಿಗೆ ಒಂದು ದಿನವೂ ತಿರುಗಿ ಮಾತಾಡಲಿಲ್ಲ. ನಾವು ಅದಕ್ಕೇ ಕಾಯುತ್ತಿದ್ದೆವು, ಇನ್ನೊಂದು ಸಲ ನಗಲು...

ಕೈ ತೊಳೆಯುವುದು ಮಾತ್ರ ಹೆಚ್ಚಾಯಿತು. ಬಾವಿಕಟ್ಟೆಯಲ್ಲಿ ಬೂದಿ ಹಾಕಿ, ಕಲ್ಲಿಗೆ ತಿಕ್ಕಿ, ಬೆರಳುಗಳ ಸಂದಿಯ ಚರ್ಮ ಒಡೆಯುವವರೆಗೆ. ಕೆಲವು ವರ್ಷಗಳ ನಂತರ ಆ ಒಡಕಿಗೇ ನಂಜಾಗಿ ಮಲಗಿದರು. ನಾನು ಗಂಜಿ ತಿಳಿ ತೆಗೆದುಕೊಂಡು ಹೋದೆ. ಹಟ್ಟಿಗೆ ತಾಗಿದ ಕೋಣೆ, ಒಂದು ಗೋಣಿ. ನನ್ನನ್ನು ಕಂಡು ಬಾತುಕೊಂಡ ಕೈಯನ್ನು ನನ್ನ ಮುಖದವರೆಗೆ ಎತ್ತಿದರು.

“ನೋಡು ಮಾರಾಯ್ತಿ, ಇನ್ನು ಸಹ ನಾರ್ತದಾ?”

ಇಲ್ಲ ಅಕ್ಕ ಎಂದೆ. ಕೀವು ನಾರುತ್ತಿತ್ತು. ಅವರು ನಂಬಲಿಲ್ಲ, ತೊಳೆಯಲು ನೀರು ಕೇಳಿದರು. ಮೂರನೆಯ ದಿನ ಹೋದರು.

ಅವರ ಮನೆ ಇದ್ದ ತಟ್ಟಿನಲ್ಲಿ ಈಗ ತಮ್ಮನ ಮೊಮ್ಮಕ್ಕಳ ರಬ್ಬರ್ ಗಿಡಗಳಿವೆ, ಅಂಗಳ ಎಲ್ಲಿತ್ತೆಂದು ಹೇಳಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಅವರನ್ನು ಯಾರೂ ಪ್ರೀತಿಸಲಿಲ್ಲ, ನಾನೂ ಪ್ರೀತಿಸಲಿಲ್ಲ, ಈಗ ಸುಳ್ಳು ಹೇಳಿ ಏನಾಗಬೇಕು. ಆದರೆ ಆ ದೇಶದವರು ಬೇಡ ಎಂದದ್ದು ಮೆಣಸನ್ನು ಮಾತ್ರ. ಅಕ್ಕನ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಅವರನ್ನು ಬೇಡ ಎಂದವರು ನಾವು.