ಬಿಳಿ ಪಟ್ಟಿಯ ಟೈರುಗಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಜೀಪು ಕೆಸರಿನಲ್ಲಿ ಹೂತ ಜಾಗಕ್ಕೆ ಬರುತ್ತಿದ್ದಂತೆ ನಗು ಬಂದು, ಮುಂದಿನದನ್ನು ಬರೆಯದೆ ಎದ್ದುಬಿಟ್ಟಿದ್ದೇನೆ. ಹೇಳಬೇಕಾದದ್ದು ಆ ಮುಂದಿನದೇ. ಈ ಸಲ ಏಳುವುದಿಲ್ಲ.

ಐವತ್ತರ ದಶಕದಲ್ಲಿ, ಹೈಸ್ಕೂಲು ಮುಗಿಸಿದ ಮೇಲೆ, ನಾನು ಕೆಂಗೇರಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವ ಬೇಸಾಯಗಾರರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪೊಂದು ಅವರ ಕೈ ಇವರ ಕೈ ದಾಟಿ ಭಾವನ ಅಂಗಳಕ್ಕೆ ಬಂದು ನಿಂತಿತ್ತು. ಇಂಜಿನ್ನು ಗಟ್ಟಿಮುಟ್ಟಾಗಿತ್ತು, ಟೈರುಗಳು ಮಾತ್ರ ಸವೆದು ನೂಲು ಕಾಣುತ್ತಿದ್ದವು. ಬೇರೆ ಟೈರು ತರಲು ಇಬ್ಬರೂ ಪೇಟೆಯ ಗುಜರಿಗೆ ಹೋದೆವು.

ಭಾವ ಟೈರು ಆರಿಸುತ್ತಿದ್ದುದನ್ನು ನೋಡಬೇಕಿತ್ತು. ಪಂಚೆ ಮೇಲೆತ್ತಿ ಕಟ್ಟಿ, ಮಂಡಿಯೂರಿ, ಟೈರಿನ ಗೀರುಗಳೊಳಗೆ ಹೆಬ್ಬೆರಳು ಇಳಿಸಿ ಆಳ ನೋಡುತ್ತಿದ್ದರು. ರಿಮ್ಮಿನ ಅಂಚಿನ ಸುತ್ತ ಬೆರಳಾಡಿಸಿ ಎಲ್ಲಿ ತಗ್ಗಿದೆ, ಎಲ್ಲಿ ತುಕ್ಕು ತಿಂದಿದೆ ಎಂದು ಹುಡುಕುತ್ತಿದ್ದರು. ಅಂಗಡಿಯವನಿಗೆ ಬೇಸರ ಬಂತು.

“ಏನ್ ಸಾಮಿ, ಹೆಣ್ಣು ನೋಡಕ್ಕೆ ಬಂದಂಗೆ ನೋಡ್ತಾ ಇದೀರಿ?”

“ಹೆಣ್ಣಾದ್ರೆ ನಾನೇ ಹೊಂದ್ಕೊಂಡು ಹೋಗ್ಬೋದು ಕಣಯ್ಯ. ಕೆಸರಲ್ಲಿ ಟೈರು ನನ್ ಮಾತು ಕೇಳಲ್ವಲ್ಲ!”

ಕೊನೆಗೆ ಅವರು ಹಿಡಿದದ್ದು ಕಿರಿದಾದ, ದಪ್ಪ ದಪ್ಪ ರಬ್ಬರ್ ಉಬ್ಬುಗಳಿದ್ದ ಮಿಲಿಟರಿ ಟೈರು. ನನಗೆ ಅದರ ರೂಪ ಹಿಡಿಸಲಿಲ್ಲ. ಅಗಲದ್ದು ತಗೊಳ್ಳೋಣ ಅಂದೆ. “ಅಗಲದ್ದು ಕೆಸರಿನ ಮೇಲೇ ಜಾರಾಡ್ತದೆ. ಕಿರಿದಾದ್ದು ಕೆಸರು ಸೀಳ್ಕೊಂಡು ತಳದ ಗಟ್ಟಿ ನೆಲ ಹುಡುಕ್ತದೆ,” ಅಂದರು. ರಿಮ್ಮೂ ಮಿಲಿಟರಿಯದೇ, ಎರಡು ತಟ್ಟೆ ಸೇರಿಸಿ ಸುತ್ತ ಬೋಲ್ಟು ಬಿಗಿದದ್ದು. ಹೊಲದ ನಡುವೆ ಪಂಕ್ಚರ್ ಆದರೆ, ಗಾಳಿ ಪೂರ್ತಿ ಇಳಿಸಿ, ಬೋಲ್ಟು ಬಿಚ್ಚಿ, ಟೈರನ್ನು ಸುಲಭವಾಗಿ ತೆಗೆಯಬಹುದಿತ್ತು. ಆ ಟೈರು ಹಾಕಿದ ಮೇಲೆ ನಮ್ಮ ಜೀಪು ಹತ್ತದ ದಿಬ್ಬವಿರಲಿಲ್ಲ. ಉತ್ತ ಹೊಲದಲ್ಲೂ ಹುಲ್ಲಿನ ಹೊರೆ ಹೊತ್ತು ಓಡುತ್ತಿತ್ತು.

ಆಗ ನನಗೊಂದು ಹೆಣ್ಣಿನ ಸಂಬಂಧ ಬಂತು. ಸಾವನದುರ್ಗದ ಕಡೆಯ ಹಳ್ಳಿ. ಭಾನುವಾರ ಹೆಣ್ಣು ನೋಡಲು ಅಕ್ಕ, ಭಾವ, ನಾನು ಜೀಪಿನಲ್ಲಿ ಹೋಗುವುದೆಂದಾಯಿತು. ಆ ಒರಟು ಟೈರುಗಳ ಮೇಲೆ ಕೂತು ಹೆಣ್ಣಿನ ಮನೆಗೆ ಹೋಗುವುದು ನನಗೆ ಅವಮಾನ ಅನಿಸಿತು. ರಾಜಾಜಿನಗರದಲ್ಲಿ ರಿಪೇರಿ ಶೆಡ್ಡು ಇಟ್ಟಿದ್ದ ಗೆಳೆಯನ ಹತ್ತಿರ ಒಂದು ದೊಡ್ಡ ಅಮೆರಿಕನ್ ಕಾರು ಇಂಜಿನ್ ಬಿಚ್ಚಿಸಿಕೊಂಡು ನಿಂತಿತ್ತು. ಅದರ ಟೈರುಗಳಿಗೆ ಸುತ್ತ ಬಿಳಿ ಪಟ್ಟಿ, ರಿಮ್ಮಿಗೆ ಬೆಳ್ಳಿ ಬಣ್ಣ. ಬೋಲ್ಟಿನ ತೂತುಗಳು ನಮ್ಮ ಜೀಪಿಗೂ ಸರಿಹೋಗುತ್ತಿದ್ದವು. ಕಾರನ್ನು ಕಲ್ಲಿನ ಮೇಲೆ ನಿಲ್ಲಿಸಿ, ಚಕ್ರಗಳನ್ನು ಒಂದು ದಿನಕ್ಕೆ ಕೇಳಿ ತಂದೆ. ಶನಿವಾರ ಸಂಜೆ ಭಾವ ಹೊಲದಿಂದ ಬರುವಷ್ಟರಲ್ಲಿ ಬದಲಾಯಿಸಿಯೂಬಿಟ್ಟೆ.

ಅಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಎಲ್ಲ ನೋಡುತ್ತಿದ್ದಳು.

“ಬ್ಯಾಡ ಕಣೋ. ನಿನ್ನೆಯಿಂದ ಆ ಕಡೆ ಮಿಂಚ್ತಾ ಐತೆ. ನಿಮ್ಮ ಭಾವ ಅಷ್ಟು ಹುಡುಕಿ ತಂದವ್ರೆ.”

“ಒಂದಿನ ಅಲ್ವೇನಕ್ಕ!”

“ಟೈರನ್ನ ಮದ್ವೆ ಆಗ್ತಾಳೇನೋ ಹುಡುಗಿ?”

ಭಾವ ಬಂದು ಜೀಪಿನ ಸುತ್ತ ಒಂದು ಸುತ್ತು ಹಾಕಿದರು. ನುಣ್ಣಗಿದ್ದ ಟೈರಿನ ಮೇಲೆ ಹೆಬ್ಬೆರಳು ಒತ್ತಿದರು, ಅದು ಎಲ್ಲಿಯೂ ಇಳಿಯಲಿಲ್ಲ. “ಮದ್ವೆ ಗಂಡಿಗಿಂತ ಜೀಪೇ ಚೆನ್ನಾಗೈತೆ,” ಅಂದು ನಕ್ಕು ಒಳಗೆ ಹೋದರು. ನನ್ನ ಆಸೆಗೆ ಅಡ್ಡ ಬರಲು ಅವರಿಗೆ ಮನಸ್ಸಾಗಲಿಲ್ಲ.

ಭಾನುವಾರ ಜೀಪು ಓಡಿಸಿದವನು ನಾನೇ. ಹಳ್ಳಿಯ ಕೆರೆ ಏರಿಯ ತನಕ ರಾಜನ ಹಾಗೆ ಹೋದೆ. ಏರಿ ಇಳಿದರೆ ಮಳೆ ಬಿದ್ದು ಕಲಸಿಹೋದ ಜೇಡಿ ಮಣ್ಣು. ನಾಲ್ಕೂ ಚಕ್ರಕ್ಕೆ ಎಳೆತ ಸಿಗುವ ಗೇರು ಹಾಕಿದೆ. ನಾಲ್ಕೂ ಚಕ್ರ ನಿಂತಲ್ಲೇ ಗರಗರ ತಿರುಗಿ, ಜೀಪು ಹಂದಿಯ ಹಾಗೆ ಹೊಟ್ಟೆ ಊರಿ ಮಲಗಿತು. ನನ್ನ ಬಿಳಿ ಶರ್ಟು, ಅಕ್ಕನ ರೇಷ್ಮೆ ಸೀರೆ, ಭಾವನ ಜರಿ ಪೇಟ, ಎಲ್ಲವೂ ಒಂದೇ ಬಣ್ಣವಾದವು. ಊರಿಗೆ ಊರೇ ಏರಿಯ ಮೇಲೆ ನಿಂತು ನಗುತ್ತಿತ್ತು. ಎತ್ತು ಹೂಡಿಕೊಂಡು ಬಂದು ಎಳೆಸಿದವರು ಹೆಣ್ಣಿನ ತಂದೆಯೇ.

ಮನೆಯಲ್ಲಿ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಉಪ್ಪಿಟ್ಟು ತಂದಿಟ್ಟರು. ಹೆಣ್ಣಿನ ತಂದೆ ಮೀಸೆಯಡಿ ನಗುತ್ತಾ ಕೇಳಿದರು.

“ಇಂಥ ದಾರಿಗೆ ಇಂಥ ಟೈರು ಆರಿಸಿದ ಪುಣ್ಯಾತ್ಮ ಯಾರಪ್ಪ? ಅವನ ಕೈಗೆ ಒಂದು ಕರೂನೂ ಕೊಡಲ್ಲ ನಾನು.”

ಎಲ್ಲರೂ ನಕ್ಕರು. ಕರುವನ್ನೇ ಕೊಡದವರು ಮಗಳನ್ನು ಕೊಡುತ್ತಾರೆಯೇ? ಬಾಗಿಲ ಹಿಂದೆ ಬಳೆ ಸದ್ದಾಯಿತು. ನಾನು ಅಂದೆ: “ನಮ್ಮ ಭಾವ ಆರಿಸಿದ್ದು.”

ಅಕ್ಕನ ಕೈಯಲ್ಲಿದ್ದ ಉಪ್ಪಿಟ್ಟಿನ ತುತ್ತು ಹಾಗೇ ನಿಂತಿತು. ಅವಳು ನನ್ನನ್ನೇ ನೋಡಿದಳು. ಭಾವ ಮಾತ್ರ ಕಣ್ಣು ಮಿಟುಕಿಸದೆ, “ಹೌದು ಗೌಡ್ರೆ, ನಂದೇ ಬುದ್ಧಿ. ಬಿಳಿ ಪಟ್ಟಿ ನೋಡಿ ಮರುಳಾಗ್ಬಿಟ್ಟೆ. ಹುಡುಗ ಬ್ಯಾಡ ಅಂತಾನೇ ಇದ್ದ,” ಅಂದುಬಿಟ್ಟರು.

ಸಂಬಂಧ ಕೂಡಿತು. ಮದುವೆಯ ದಿಬ್ಬಣ ಹೋದದ್ದು ಅದೇ ಮಿಲಿಟರಿ ಟೈರುಗಳ ಮೇಲೆ. ಅವಕ್ಕೆ ಭಾವ ಅರಿಶಿನ ಕುಂಕುಮ ಹಚ್ಚಿದ್ದರು. ಜೀಪು ಏರಿ ಇಳಿದು ಅದೇ ಕೆಸರನ್ನು ದಾಟಿದಾಗ ಇಡೀ ದಿಬ್ಬಣ ಕೇಕೆ ಹಾಕಿತು.

ಎಷ್ಟೋ ಕಾಲದ ಮೇಲೆ ಹೆಂಡತಿಗೆ ನಿಜ ಹೇಳಿದೆ.

“ಅಯ್ಯೋ, ಅವತ್ತೇ ಗೊತ್ತಿತ್ತು ಬಿಡ್ರೀ. ಏರಿ ಮೇಲೆ ನಾನೂ ನಿಂತಿದ್ದೆ. ನಿಮ್ಮ ಭಾವ ಅತ್ತಿಗೇನ ಕೈ ಹಿಡಿದು ಇಳಿಸ್ತಾ ಇದ್ರು, ನೀವು ಹೊಸ ಟವೆಲ್ಲಲ್ಲಿ ಟೈರಿನ ಬಿಳಿ ಪಟ್ಟಿ ಒರೆಸ್ತಾ ಇದ್ರಿ!”

ಗೊತ್ತಿದ್ದೂ ಒಪ್ಪಿದ್ದಳು. ಆ ಸುಳ್ಳಿನ ಅಗತ್ಯವೇ ಇರಲಿಲ್ಲ. ಭಾವನ ಬಳಿಯೂ ತಪ್ಪೊಪ್ಪಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, “ಬಿಡ್ಲಾ, ಅದ್ರಿಂದ ನಿಮ್ಮಾವನ ಮನೇಲಿ ನಂಗೆಂಥ ಉಪಚಾರ!” ಅಂದರು. ಮಾವನ ಮನೆಯವರು ಅವರನ್ನು ‘ಟೈರ್ ಗೌಡ್ರು’ ಎಂದು ಕರೆಯುತ್ತಿದ್ದರು. ಹಬ್ಬಕ್ಕೆ ಕೆಂಗೇರಿಗೆ ಬಂದಾಗಲೆಲ್ಲ, “ಏನ್ ಗೌಡ್ರೆ, ನಮ್ಮೆತ್ತಿಗೂ ಬಿಳಿ ಪಟ್ಟಿ ಹೊಡೀತೀರಾ?” ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು. ಭಾವನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅಕ್ಕ ಮಾತ್ರ, “ಹಾಲು ಉಕ್ಕೀತು, ನೋಡ್ತೀನಿ,” ಅಂದು ಒಳಗೆ ಎದ್ದು ಹೋಗುತ್ತಿದ್ದಳು. ಒಂದು ದೀಪಾವಳಿಯಲ್ಲಿ ನೀರು ಕುಡಿಯಲೆಂದು ನಾನೂ ಹಿಂದೆಯೇ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಹೊರಗಿನ ನಗು ನಿಲ್ಲುವುದನ್ನು ಕಾಯುತ್ತಾ ನಿಂತಿದ್ದಳು. ನನ್ನನ್ನು ಕಂಡು ಒಂದು ಲೋಟ ನೀರು ಬಗ್ಗಿಸಿಕೊಟ್ಟಳು. ಕುಡಿದು, ನಗುತ್ತಿದ್ದವರ ನಡುವೆ ಬಂದು ಕೂತೆ.

ಅವಳು ಹೋಗಿ ಬಹಳ ಕಾಲವಾಯಿತು. ಹೆಂಡತಿಗೆ ಹೇಳಿದೆ, ಭಾವನಿಗೆ ಹೇಳಿದೆ. ನಾನು ಕ್ಷಮೆ ಕೇಳದೆ ಉಳಿದದ್ದು ನನ್ನ ಅಕ್ಕನ ಹತ್ತಿರ.